ಮ್ಯಾಕ್ರೊಗೆ ಫಂಕ್ಷನ್ ವೇಷ ಬೇಡ

ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು ಹೊಸಪೇಟೆ, ಸಂಡೂರು ಕಡೆಯವರಿಗೆ ಮರೆಯುವ ಮಾತಲ್ಲ. ಆರ್ಡುಯಿನೊ ಊನೊ ಆರ್3 ಬೋರ್ಡಿಗೆ ಸೆನ್ಸರ್ ಜೋಡಿಸಿ ಆ ಡ್ಯಾಮಿನ ನೀರಿನ ಮಟ್ಟ ಅಳೆಯುವ ಮಾದರಿ ಮಾಡಹೊರಟ ವಿದ್ಯಾರ್ಥಿಗಳಿಗಾಗಿ ಈ ಬರಹ. ವೈರಿಂಗ್ ಸರಿಯಾಗಿಯೇ ಇರುತ್ತದೆ. ಎಡವುವುದು ಕೋಡಿನಲ್ಲಿಟ್ಟ ಹೆಸರುಗಳಲ್ಲಿ.

ಮೊದಲು ಬದಲಾಗದ ಅಂಕಿಗಳು. 33 ಗೇಟು, 1633 ಅಡಿ ಪೂರ್ಣ ಮಟ್ಟ. ಇವನ್ನು ಕೋಡಿನ ನಡುವೆ ಬರಿ ಅಂಕಿಯಾಗಿ ಚೆಲ್ಲದೆ ‘ಟಿಬಿ_ಗೇಟ್ಸ್’, ‘ಟಿಬಿ_ಫುಲ್_ಲೆವೆಲ್’ ಎಂಬ ಮ್ಯಾಕ್ರೊ ಮಾಡಿ. ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಲಿ.

ಫಂಕ್ಷನ್‌ಗೆ ಸಣ್ಣಕ್ಷರ, ಮಾಡುವ ಕೆಲಸವೇ ಹೆಸರು. ಹೊರಹರಿವು ಹೆಚ್ಚಿದರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಆ ಎಚ್ಚರಿಕೆಗೆ ‘ಟಿಬಿ_ವಾರ್ನ್_ಕಂಪ್ಲಿ’ ಎನ್ನಿ, ‘ಫನ್2’ ಅಲ್ಲ. ಹೆಸರಿನ ಮೊದಲಿನ ‘ಟಿಬಿ’ ಬಿಡಬೇಡಿ. ನಾಳೆ ಸಂಡೂರಿನ ನಾರಿಹಳ್ಳ ಜಲಾಶಯವನ್ನೂ ಸೇರಿಸಿದಾಗ ಎರಡು ಫೈಲಿನಲ್ಲೂ ‘ಓಪನ್_ಗೇಟ್’ ಇದ್ದರೆ ಲಿಂಕರ್ ತಕರಾರು ತೆಗೆಯುತ್ತದೆ.

ಈಗ ನಿಜವಾದ ಗುಂಡಿ. ಊನೊದಲ್ಲಿ ‘ಮ್ಯಾಕ್ಸ್’ ಸಣ್ಣಕ್ಷರದಲ್ಲಿದೆ, ನೋಡಲು ಫಂಕ್ಷನ್ನೇ; ಆದರೆ ಅದು ಮ್ಯಾಕ್ರೊ. ಆವರಣದೊಳಗೆ ಕೊಟ್ಟದ್ದನ್ನು ಹಾಗೇ ಎರಡು ಕಡೆ ಅಂಟಿಸುತ್ತದೆ. ‘ಟಿಬಿ_ರೀಡ್_ಲೆವೆಲ್()’ ಮತ್ತು 1633 ಕೊಟ್ಟಿರಿ ಎನ್ನಿ. ಹೋಲಿಸುವಾಗ ಸೆನ್ಸರ್ 1633.2 ಓದಿತು, ಇದೇ ದೊಡ್ಡದು ಎಂದಾಯಿತು. ಉತ್ತರ ಕೊಡಲು ಮತ್ತೊಮ್ಮೆ ಓದುತ್ತದೆ. ಅಷ್ಟರಲ್ಲಿ ಮಾದರಿಯ ತೊಟ್ಟಿಯ ನೀರು ತುಯ್ದಾಡಿ 1632.9. ದೊಡ್ಡದನ್ನು ಕೊಡು ಎಂದರೆ ಮಿತಿಗಿಂತ ಚಿಕ್ಕದೇ ಕೈಗೆ ಬಂತು! ಕಂಪೈಲರ್ ಚಕಾರವೆತ್ತುವುದಿಲ್ಲ. ಸೆನ್ಸರ್ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವವರೇ ಹೆಚ್ಚು. ಓದಿದ್ದನ್ನು ಮೊದಲು ಒಂದು ವೇರಿಯಬಲ್‌ಗೆ ಹಾಕಿ, ಆಮೇಲೆ ಹೋಲಿಸಿ. ನೀವೇ ಇಂಥದ್ದು ಬರೆಯುವುದಾದರೆ ಇನ್‌ಲೈನ್ ಫಂಕ್ಷನ್ ಬರೆಯಿರಿ. ಮ್ಯಾಕ್ರೊನೇ ಬೇಕೆಂದರೆ ದೊಡ್ಡಕ್ಷರ, ಓದುವವನ ಕಣ್ಣಿಗೆ ಕುಕ್ಕುವಂತೆ. ಲಿನಕ್ಸ್ ಕರ್ನಲ್‌ನಲ್ಲಿ ಸಣ್ಣಕ್ಷರದ ಮ್ಯಾಕ್ರೊ ಇದೆಯಲ್ಲ ಎನ್ನಬೇಡಿ. ಅಲ್ಲಿನ ‘ಮ್ಯಾಕ್ಸ್’ ಒಂದೇ ಸಲ ಓದುವಂತೆ ಹುಷಾರಾಗಿ ಹೆಣೆದದ್ದು. ಅವರ ನಿಯಮಾವಳಿಯೂ ಇನ್‌ಲೈನ್ ಫಂಕ್ಷನ್ನೇ ಮೇಲು ಎನ್ನುತ್ತದೆ.

ಉಳಿದದ್ದು ಚುಟುಕಾಗಿ. ಮ್ಯಾಕ್ರೊದೊಳಗಿನ ಪ್ರತಿ ಅಂಶಕ್ಕೂ ಇಡೀ ಮ್ಯಾಕ್ರೊಗೂ ಆವರಣ ಹಾಕಿ. ಹಲವು ಸಾಲಿದ್ದರೆ ‘ಡು-ವೈಲ್(0)’ ಒಳಗೆ ಕಟ್ಟಿ. ಎರಡು ಅಂಡರ್‌ಸ್ಕೋರ್‌ನಿಂದ ಹೆಸರು ಶುರುಮಾಡಬೇಡಿ, ಅವು ಕಂಪೈಲರ್‌ಗೆ ಮೀಸಲು. ಎರಡಕ್ಷರದ ಮ್ಯಾಕ್ರೊ ಹೆಸರೂ ಬೇಡ: ಊನೊ ಹೆಡರ್‌ನಲ್ಲಿ ‘ಎಸ್‌ಪಿ’ ಆಗಲೇ ಸ್ಟ್ಯಾಕ್ ಪಾಯಿಂಟರ್‌ನ ಪಾಲು.