ಪ್ರತಿಭಾ ಪುರಸ್ಕಾರ: ಕಾಲೇಜು ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಎಷ್ಟರಮಟ್ಟಿಗೆ ಸಹಕಾರಿ?

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರ ಗ್ರಾಮ ಪಂಚಾಯತಿಗಳು, ಸಹಕಾರ ಸಂಘಗಳು ಮತ್ತು ಸಮುದಾಯ ಸಂಘಟನೆಗಳು ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಏರ್ಪಡಿಸುವುದು ವಾಡಿಕೆ. ಇಂತಹ ಗೌರವವು ಮಗುವಿಗೆ ಆತ್ಮವಿಶ್ವಾಸವನ್ನೂ ಊರಿಗೆ ಹೆಮ್ಮೆಯನ್ನೂ ತರುತ್ತದೆ. ಆದರೆ ಪುರಸ್ಕಾರ ಪತ್ರವಿದ್ದರೆ ಕಾಲೇಜಿನಲ್ಲಿ ಸೀಟು ಸುಲಭವಾಗಿ ದೊರೆಯುತ್ತದೆ, ವಿದ್ಯಾರ್ಥಿವೇತನ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಅನೇಕ ಪೋಷಕರಲ್ಲಿದೆ. ಈ ನಂಬಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರವೇಶದಲ್ಲಿ ಪುರಸ್ಕಾರದ ಸ್ಥಾನ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಎಂಜಿನಿಯರಿಂಗ್ ರ‍್ಯಾಂಕ್ ನೀಡುವಾಗ ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಶೇ. 50 ಹಾಗೂ ಸಿ.ಇ.ಟಿ. ಅಂಕಗಳಿಗೆ ಶೇ. 50 ಪ್ರಾಶಸ್ತ್ಯ ನೀಡುತ್ತದೆ. ಉದಾಹರಣೆಗೆ, ವಿದ್ಯಾರ್ಥಿನಿಯೊಬ್ಬಳು ಪಿ.ಯು.ಸಿ.ಯಲ್ಲಿ 300ಕ್ಕೆ 270, ಸಿ.ಇ.ಟಿ.ಯಲ್ಲಿ 180ಕ್ಕೆ 90 ಅಂಕ ಪಡೆದರೆ, ಆಕೆಯ ಒಟ್ಟು ಗಳಿಕೆ 45 + 25 = 70. ಪುರಸ್ಕಾರ ಪತ್ರಗಳು ಎಷ್ಟಿದ್ದರೂ ಈ ಲೆಕ್ಕಕ್ಕೆ ಒಂದಂಕವೂ ಸೇರದು. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆಯೇ ಆಧಾರ.

ಪ್ರವೇಶದ ಮೇಲೆ ನಿಜವಾಗಿ ಪರಿಣಾಮ ಬೀರುವ ದಾಖಲೆಗಳು ಬೇರೆಯೇ ಇವೆ. 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇದರಲ್ಲಿ ಒಂದೇ ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಮಕ್ಕಳನ್ನು ಶಾಲೆಯಿಂದ ಬಿಡಿಸಿ ಪಟ್ಟಣಕ್ಕೆ ಸೇರಿಸುವ ಪೋಷಕರಿಗೆ ಈ ವಿಷಯ ಮೊದಲೇ ತಿಳಿದಿರಬೇಕು. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಪ್ರಮಾಣ ಪತ್ರವೂ ಮುಖ್ಯ. ನಿಗದಿತ ಮಟ್ಟದ ಕ್ರೀಡೆ, ಎನ್.ಸಿ.ಸಿ., ಸ್ಕೌಟ್ಸ್ ಮತ್ತು ಗೈಡ್ಸ್ ಪ್ರಮಾಣ ಪತ್ರಗಳಿಗೂ ವಿಶೇಷ ವರ್ಗದಲ್ಲಿ ಸೀಟುಗಳಿವೆ.

2. ವಿದ್ಯಾರ್ಥಿವೇತನದಲ್ಲಿ ಪುರಸ್ಕಾರದ ಸ್ಥಾನ

ಇಲ್ಲಿಯೂ ಪುರಸ್ಕಾರ ಪತ್ರವಲ್ಲ. ಅಂಕ, ಕುಟುಂಬದ ಆದಾಯ ಮತ್ತು ಸಕಾಲಿಕ ಅರ್ಜಿ ಇವೇ ನಿರ್ಣಾಯಕ.

(ಅ) ರಾಷ್ಟ್ರೀಯ ಆದಾಯ ಮತ್ತು ಅರ್ಹತಾ ಆಧಾರಿತ ವಿದ್ಯಾರ್ಥಿವೇತನ (ಎನ್.ಎಂ.ಎಂ.ಎಸ್.): ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಪರೀಕ್ಷೆ ನಡೆಯುತ್ತದೆ. ಪೋಷಕರ ವಾರ್ಷಿಕ ಆದಾಯ ರೂ. 3.5 ಲಕ್ಷ ಮೀರಿರಬಾರದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ ರೂ. 12,000, ಒಟ್ಟು ರೂ. 48,000 ದೊರೆಯುತ್ತದೆ. ಪ್ರತಿವರ್ಷ ನವೀಕರಣ ಕಡ್ಡಾಯ.

(ಆ) ಕೇಂದ್ರ ವಲಯದ ಕಾಲೇಜು ವಿದ್ಯಾರ್ಥಿವೇತನ: ದ್ವಿತೀಯ ಪಿ.ಯು.ಸಿ.ಯಲ್ಲಿ ಮೇಲಿನ ಶೇ. 20ರೊಳಗಿನ ಸ್ಥಾನ ಪಡೆದ, ಕುಟುಂಬದ ಆದಾಯ ರೂ. 4.5 ಲಕ್ಷದೊಳಗಿರುವ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು. ಪದವಿಯ ಮೊದಲ ಮೂರು ವರ್ಷ ವಾರ್ಷಿಕ ರೂ. 12,000 ಲಭ್ಯ.

(ಇ) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್.ಎಸ್.ಪಿ.) ಅರ್ಜಿ ಸಲ್ಲಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ಖಾತೆಗೆ ಜಮೆಯಾಗದು.

3. ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಪುರಸ್ಕಾರವನ್ನು ಕೈಬಿಡಬೇಕೆಂಬುದು ಇಲ್ಲಿನ ಆಶಯವಲ್ಲ. ಶಾಲು, ಹಾರ, ಸ್ಮರಣಿಕೆಗಳ ವೆಚ್ಚವನ್ನು ಮಿತಗೊಳಿಸಿ, ಅದೇ ವೇದಿಕೆಯನ್ನು ಮಾರ್ಗದರ್ಶನಕ್ಕೆ ಬಳಸಿಕೊಳ್ಳುವುದು ಸೂಕ್ತ.

- 8ನೇ ತರಗತಿಯ ಅರ್ಹ ಮಕ್ಕಳ ಪಟ್ಟಿಯನ್ನು ಮುಖ್ಯ ಶಿಕ್ಷಕರಿಂದ ಪಡೆದು, ಎನ್.ಎಂ.ಎಂ.ಎಸ್. ಅರ್ಜಿ ಸಲ್ಲಿಕೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.
- ಪರೀಕ್ಷಾ ಸಿದ್ಧತೆಯ ಪುಸ್ತಕಗಳನ್ನು ಗ್ರಾಮ ಪಂಚಾಯತಿ ಅರಿವು ಕೇಂದ್ರದಲ್ಲಿ ಒದಗಿಸುವುದು.
- ಜಾತಿ, ಆದಾಯ ಹಾಗೂ ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರಗಳನ್ನು ಫಲಿತಾಂಶಕ್ಕೆ ಮುನ್ನವೇ ಪಡೆಯುವಂತೆ ಪೋಷಕರಿಗೆ ತಿಳಿಸುವುದು.
- ಅರ್ಜಿಗಳ ಕೊನೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಮಕ್ಕಳ ಗ್ರಾಮಸಭೆಯಲ್ಲಿ ವಿವರಿಸುವುದು.

ಹೆಚ್ಚು ಅಂಕ ಗಳಿಸಿದ ಮಗುವನ್ನು ಊರು ಗುರುತಿಸುವುದು ಸುಲಭ. ಅರ್ಹತೆಯಿದ್ದೂ ಅರ್ಜಿ ಸಲ್ಲಿಸದೆ ಉಳಿಯುವ ಮಗುವನ್ನು ಗುರುತಿಸುವ ಹೊಣೆ ತಮ್ಮಂತಹ ಜನಪ್ರತಿನಿಧಿಗಳದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಕಳೆದ ಸಾಲಿನಲ್ಲಿ ಎಷ್ಟು ಮಕ್ಕಳು ಎನ್.ಎಂ.ಎಂ.ಎಸ್. ಪರೀಕ್ಷೆಗೆ ಹಾಜರಾದರು?
2. ಪುರಸ್ಕೃತರ ಪೈಕಿ ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಜಮೆಯಾಗಿದೆ? ಜಮೆಯಾಗದಿದ್ದಲ್ಲಿ ಕಾರಣವೇನು?