ಬಿಸಿಲು, ನಮ್ಮ ಚರ್ಮ ಮತ್ತು ಅಂಗಡಿಯ ಟ್ಯೂಬು



ಮುಧೋಳ ಕಡೆಯ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕುಳಿತಿದ್ದರು. "ಸಿಸ್ಟರ್, ಕಬ್ಬಿನ ಹೊಲದಾಗ ದುಡದು ಕೆನ್ನಿ ಮ್ಯಾಲೆ ಬಂಗು ಬಂತು. ಅಂಗಡ್ಯಾಗ ಒಂದ್ ಟ್ಯೂಬ್ ಕೊಟ್ರು. ಹದಿನೈದು ದಿನ ಬೆಳ್ಳಗಾತು. ಈಗ ಬಿಸಿಲಿಗೆ ಹೋದ್ರ ಬೆಂಕಿ ಹತ್ತಿದಂಗ ಉರೀತೈತ್ರಿ" ಎಂದರು. ಇದು ಅವರೊಬ್ಬರ ಕಥೆಯಲ್ಲ. ಅದಕ್ಕೇ ಈ ಪಾಠ.

ಬಣ್ಣ ದೋಷವಲ್ಲ: ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ದೇವರು ಕೊಟ್ಟ ಕೊಡೆ. ಅದರಿಂದ ನಮ್ಮ ಚರ್ಮ ಬೇಗ ಸುಡುವುದಿಲ್ಲ. ಆದರೆ ಬಂಗು, ಕಪ್ಪು ಕಲೆ ನಮಗೆ ಬೇಗ ಬರುತ್ತವೆ. ಬಸುರಿಯರಿಗೆ ಇನ್ನೂ ಹೆಚ್ಚು.

ಚರ್ಮ ಗುರುತಿಸುವುದು: ಮುಖ ತೊಳೆದು ಒಂದು ತಾಸು ಏನೂ ಹಚ್ಚಬೇಡಿ. ಬಿಗಿದು ಪೊರೆ ಎದ್ದರೆ ಒಣ ಚರ್ಮ. ಎಲ್ಲಾ ಕಡೆ ಜಿಡ್ಡಾದರೆ ಎಣ್ಣೆ ಚರ್ಮ. ಹಣೆ, ಮೂಗು ಮಾತ್ರ ಜಿಡ್ಡಾದರೆ ಮಿಶ್ರ ಚರ್ಮ. ಏನು ಹಚ್ಚಿದರೂ ಉರಿದರೆ ಸೂಕ್ಷ್ಮ ಚರ್ಮ.

ಮೊದಲ ರಕ್ಷಣೆ ಬಟ್ಟೆ: ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಎಷ್ಟು ಕಡಿಮೆ ತೂರುತ್ತದೋ ಅಷ್ಟು ಒಳ್ಳೆಯದು. ಇದನ್ನು ರಬಕವಿ-ಬನಹಟ್ಟಿಯ ನೇಕಾರ ಅಕ್ಕಂದಿರಿಗೆ ನಾವು ಕಲಿಸಬೇಕಿಲ್ಲ! ದಟ್ಟ ನೇಯ್ಗೆಯ ಸೆರಗು, ತುಂಬು ತೋಳಿನ ಅಂಗಿ ಸಾಕು. ಬಿಸಿಲಿನ ಕೆಲಸ ಆದಷ್ಟು ಮುಂಜಾನೆ ಮುಗಿಸಿ.

ಸನ್‌ಸ್ಕ್ರೀನ್ ಕೊಳ್ಳುವುದಾದರೆ: ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ. ಒಣ ಚರ್ಮಕ್ಕೆ ಕ್ರೀಮು, ಎಣ್ಣೆ ಚರ್ಮಕ್ಕೆ ಜೆಲ್, ಸೂಕ್ಷ್ಮ ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವುದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಹೊರಡುವ 15 ನಿಮಿಷ ಮೊದಲು ಹಚ್ಚಿ, ಬಿಸಿಲಲ್ಲಿದ್ದರೆ 2 ತಾಸಿಗೊಮ್ಮೆ, ಬೆವರಿದರೆ ಇನ್ನೂ ಬೇಗ ಮತ್ತೆ ಹಚ್ಚಬೇಕು. ಕೊಳ್ಳಲು ಆಗದಿದ್ದರೆ ಚಿಂತೆ ಬೇಡ, ಸಾಲ ಮಾಡಬೇಡಿ. ಸೆರಗು ಇದ್ದೇ ಇದೆ.

ಎಚ್ಚರಿಕೆ: ಬೇಗ ಬೆಳ್ಳಗೆ ಮಾಡುವ ಟ್ಯೂಬಿನಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ, ಕೆಂಪಾಗಿ, ಮುಖದಲ್ಲಿ ಕೂದಲು ಬೆಳೆಯಬಹುದು. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರಿದ್ದರೆ ಮುಖಕ್ಕೆ ಸ್ವಂತ ಬುದ್ಧಿಯಿಂದ ಹಚ್ಚಬೇಡಿ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಈಗಾಗಲೇ ಹಚ್ಚುತ್ತಿದ್ದರೆ ಟ್ಯೂಬು ಹಿಡಿದುಕೊಂಡೇ ಚರ್ಮದ ಡಾಕ್ಟರರನ್ನು ಕಾಣಿರಿ. ನಾಚಿಕೆ ಬೇಡ.

ಸಂಘದಲ್ಲಿ ಚರ್ಚಿಸಿ:
1. ನಮ್ಮ ಮನೆಯ ಟ್ಯೂಬಿನ ಮೇಲೆ ಏನು ಬರೆದಿದೆ? ಮಕ್ಕಳಿಂದ ಓದಿಸಿ ಬನ್ನಿ.
2. "ಹುಡುಗಿ ಕರ್ರಗದಾಳ" ಎಂಬ ಮಾತು ನಮ್ಮ ಬಾಯಿಂದಲೂ ಬರುತ್ತದೆಯೇ?