ವೇಗದ ತಲೆಯ ಮೇಲಿನ ಎರಡು



ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಈ ವರ್ಷ ಪಿಯುಸಿಗೆ ಸೇರಿ ಭೌತಶಾಸ್ತ್ರ ಹಿಡಿದಿರುವ ನಿನಗೆ ಚಲನೆ, ಬಲ, ಶಕ್ತಿಯ ಪಾಠಗಳು ಬರೀ ಸೂತ್ರಗಳ ಸಾಲಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಾಯಿಪಾಠ ಮಾಡಿದರೆ ಅಂಕವೂ ಬರುತ್ತದೆ. ಆದರೆ ಅವುಗಳಲ್ಲಿ ಒಂದನ್ನಾದರೂ ಬಾಯಿಪಾಠಕ್ಕೆ ಬಿಡಬೇಡ. ಚಲಿಸುವ ವಸ್ತುವಿನ ಶಕ್ತಿ ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ವೇಗದ ತಲೆಯ ಮೇಲೆ ಕೂತಿರುವ ಆ ಸಣ್ಣ ಎರಡನ್ನು ಸರಿಯಾಗಿ ಅರಿತರೆ, ನಿನ್ನ ಊರಿನಿಂದ ಬಂಡೀಪುರದ ಕಡೆ ಹೋಗುವ ರಸ್ತೆಯೇ ಬೇರೆಯಾಗಿ ಕಾಣುತ್ತದೆ.

ಆ ವರ್ಗವನ್ನು ಯಾರೋ ಪಂಡಿತರು ಕೂತು ನಿಶ್ಚಯಿಸಿದ್ದಲ್ಲ. ಚಲನೆಯ ಬಲ ವೇಗಕ್ಕೆ ಅನುಪಾತವೋ ಅದರ ವರ್ಗಕ್ಕೋ ಎಂದು ಯೂರೋಪಿನಲ್ಲಿ ದಶಕಗಟ್ಟಲೆ ಜಗಳ ನಡೆದಿತ್ತು. 1720ರ ದಶಕದಲ್ಲಿ ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಇಮ್ಮಡಿ ವೇಗದಲ್ಲಿ ಬಿದ್ದ ಗುಂಡು ಎರಡರಷ್ಟಲ್ಲ, ನಾಲ್ಕರಷ್ಟು ಮಣ್ಣನ್ನು ತಗ್ಗಿಸಿತ್ತು. ಈ ಪ್ರಯೋಗದ ಮಹತ್ವವನ್ನು 1740ರ ತನ್ನ ಪುಸ್ತಕದಲ್ಲಿ ಎತ್ತಿ ಹೇಳಿದವಳು ಫ್ರಾನ್ಸಿನ ಎಮಿಲಿ ದು ಶಾತ್ಲೆ. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲೇ ತೆರೆಯದಿದ್ದ ಕಾಲದಲ್ಲಿ ಆಕೆ ಮಾಡಿದ ಕೆಲಸ ಅದು. ಪಠ್ಯಪುಸ್ತಕದಲ್ಲಿ ಆಕೆಯ ಹೆಸರಿಗೂ ಒಂದು ಸಾಲು ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಕಾಡಿನ ರಸ್ತೆಗೆ ಬಾ. ಕತ್ತಲಲ್ಲಿ ಡಿಪ್ ಲೈಟ್ ಹಾಕಿಕೊಂಡು ಬರುವ ಕಾರಿಗೆ 40 ಮೀಟರ್ ಮುಂದೆ ಆನೆ ಕಂಡಿತು ಎಂದುಕೊಳ್ಳೋಣ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡು. ಬ್ರೇಕ್ ಹಿಡಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 7 ಮೀಟರ್/ಸೆಕೆಂಡಿನಂತೆ ಇಳಿಯುತ್ತದೆ ಎಂದಿಡು, ಒಣ ಡಾಂಬರಿಗೆ ಇದು ಒಳ್ಳೆಯ ಬ್ರೇಕೇ. ಗಂಟೆಗೆ 40 ಕಿ.ಮೀ. ವೇಗದ ಕಾರು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಬಂದದ್ದು 36–37 ಮೀಟರಿಗೆ, ಆನೆಗೆ ಮೂರು ಮೀಟರ್ ಈಚೆ, ಹೇಗೋ ನಿಲ್ಲುತ್ತದೆ. 80ರಲ್ಲಿ ಬಂದದ್ದಕ್ಕೆ 57 ಮೀಟರ್ ಬೇಕು. ಆನೆಯನ್ನು ತಲುಪಿದಾಗಲೂ ಕಾರಿನ ವೇಗ ಗಂಟೆಗೆ 56 ಕಿ.ಮೀ. ಇರುತ್ತದೆ. ಇದನ್ನು ನೀನೇ ಕಾಗದದ ಮೇಲೆ ಮಾಡಿ ನೋಡು. 60ಕ್ಕೆ ಇಪ್ಪತ್ತು ಸೇರಿಸಿದ್ದಕ್ಕೆ, ನಿಲ್ಲಬೇಕಾದ ಜಾಗದಲ್ಲಿ ಸೊನ್ನೆಯ ಬದಲು 56 ಉಳಿಯಿತು. ವೇಗ ಮೂರನೇ ಒಂದರಷ್ಟು ಹೆಚ್ಚಿದ್ದಕ್ಕೆ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಿತು. ಬ್ರೇಕಿಗೆ ಸಿಗಬೇಕಾದ ದೂರವನ್ನು ಆ ಒಂದು ಸೆಕೆಂಡೂ ಕಿತ್ತುಕೊಂಡಿತು.

ಹೊಸ ಗಾಡಿ, ಒಳ್ಳೆಯ ಟೈರು, ನುರಿತ ಕೈ ಇದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಬ್ರೇಕ್ ಬಲವಾದಷ್ಟೂ ದೂರ ಕಡಿಮೆಯಾಗುತ್ತದೆ. ಆದರೆ ಚಕ್ರಕ್ಕೂ ರಸ್ತೆಗೂ ನಡುವಿನ ಘರ್ಷಣೆಗೆ ಒಂದು ಮಿತಿಯಿದೆ, ಅದನ್ನು ಯಾವ ಯಂತ್ರವೂ ದಾಟಲಾರದು. ಮಳೆ ಬಿದ್ದ ರಾತ್ರಿ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಎಷ್ಟೇ ನುರಿತ ಕೈಯಾದರೂ ವರ್ಗವನ್ನು ಅಳಿಸಲಾಗದು. ಸಮಯ ಉಳಿಯುತ್ತದಲ್ಲ ಎನ್ನುವುದು ಇನ್ನೊಂದು ವಾದ. 20 ಕಿ.ಮೀ. ಕಾಡುದಾರಿಯನ್ನು 40ರ ಬದಲು 80ರಲ್ಲಿ ಓಡಿಸಿದರೆ ಉಳಿಯುವುದು ಹದಿನೈದೇ ನಿಮಿಷ. ಆ ಹದಿನೈದು ನಿಮಿಷಕ್ಕೆ ಗಾಡಿ ಹೊತ್ತ ಶಕ್ತಿ ನಾಲ್ಕು ಪಟ್ಟು. ರಸ್ತೆಗೆ ಅಡ್ಡಲಾಗಿ ಹಾಕಿರುವ ಉಬ್ಬುಗಳನ್ನು ಕಂಡು ಗೊಣಗುವವರು ಇದನ್ನು ಒಮ್ಮೆ ಎಣಿಸಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪವೂ ಇದೆ. ನಿಧಾನ ಓಡಿಸಿದರೆ ಸಾಕಾದರೆ, 2009ರಲ್ಲಿ ಜಿಲ್ಲಾಡಳಿತ ತಂದು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿದ, ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ ಏಕೆ? ತರಕಾರಿ ಲಾರಿಯವರಿಗೂ ವಯನಾಡಿನ ಕಡೆಯವರಿಗೂ ಅದರಿಂದ ತೊಂದರೆಯಾಗುವುದು ಸುಳ್ಳಲ್ಲ. ನಿಷೇಧವನ್ನು ಭೌತಶಾಸ್ತ್ರವೊಂದೇ ಸಮರ್ಥಿಸಲಾರದು; ಬೆಳಕು, ಸದ್ದುಗಳಿಂದ ಪ್ರಾಣಿಗಳ ಓಡಾಟ ಕೆಡುವುದು ಬೇರೆ ವಿಷಯ. ಆದರೆ ಕತ್ತಲಲ್ಲಿ ಕಾಣುವ ದೂರಕ್ಕೆ ತಕ್ಕಂತೆ ಎಲ್ಲರೂ ವೇಗ ಇಳಿಸುತ್ತಾರೆ ಎಂದು ನಂಬಿ ಕಾಡನ್ನು ಬಿಟ್ಟುಕೊಡಲಾಗದು ಎಂಬುದೇ ನನ್ನ ಅಭಿಪ್ರಾಯ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯನ್ನೂ ಲೆಕ್ಕಕ್ಕೆ ತೆಗೆದುಕೋ. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. 12 ಟನ್ನಿನ ಬಸ್ಸು ಎತ್ತರದಲ್ಲಿ 100 ಮೀಟರ್ ಇಳಿದರೆ ಸುಮಾರು 1 ಕೋಟಿ 18 ಲಕ್ಷ ಜೂಲ್ ಪ್ರಚ್ಛನ್ನ ಶಕ್ತಿ ಬಿಡುಗಡೆಯಾಗುತ್ತದೆ. ತಣ್ಣೀರಾದರೆ 35 ಲೀಟರಿಗೂ ಹೆಚ್ಚನ್ನು ಕುದಿಬಿಂದುವಿಗೆ ತರುವಷ್ಟು. ವೇಗ ಹೆಚ್ಚಬಾರದೆಂದರೆ ಅದೆಲ್ಲವೂ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅಷ್ಟೂ ಶಾಖವಾಗಿ ಬ್ರೇಕಿನ ಲೈನರ್ ಸುಟ್ಟು, ಹಿಡಿತ ಸಡಿಲವಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಬಹುಪಾಲನ್ನು ಎಂಜಿನ್ನೇ ಹೀರಿಕೊಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೆಯ ಡ್ರೈವರುಗಳು ಹೇಳುವುದು ಇದನ್ನೇ. ನಿನ್ನ ಮುಂದಿನ ಲೆಕ್ಕಕ್ಕೆ, ಚಲನೆಯ ಶಕ್ತಿಯ ಸೂತ್ರದಲ್ಲಿ ಬಸ್ಸಿನ ತೂಕವನ್ನು ಇಮ್ಮಡಿ ಮಾಡು, ಮತ್ತೊಮ್ಮೆ ವೇಗವನ್ನು ಇಮ್ಮಡಿ ಮಾಡು. ಎರಡು ಉತ್ತರಗಳನ್ನೂ ಅಕ್ಕಪಕ್ಕ ಬರೆದು ನನಗೆ ಕಳಿಸು.